ಪಿಕಪ್ ಗಾಡಿಗೊಂದು ಟೇಪು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಜಮಖಂಡಿ ಸೀಮೆಯಲ್ಲಿ ರಾತ್ರಿಗೆ ನಿದ್ದೆಯಿಲ್ಲ. ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿಯುತ್ತವೆ. ಅವು ಕಣ್ಣಿಗೆ ಬೀಳುವ ಮೊದಲೇ ಮನೆಯ ಕಿಟಕಿಯ ಗಾಜು ನಡುಗುತ್ತದೆ. ಹಾಡಿನ ಮಾತು ತಿಳಿಯುವುದಿಲ್ಲ, ರಾಗವೂ ತಿಳಿಯುವುದಿಲ್ಲ. 'ಧುಂ ಧುಂ' ಎಂಬುದೊಂದೇ ಗೋಡೆ ದಾಟಿ ಒಳಗೆ ಬರುತ್ತದೆ. ಒಳಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಕಿನ ವಕ್ರೀಭವನ ಓದುತ್ತ ಕುಳಿತಿರುತ್ತಾಳೆ.

ಇಲ್ಲಿ ಕಬ್ಬು ಇಷ್ಟು ಹಬ್ಬಲು ಕೃಷ್ಣೆ, ಘಟಪ್ರಭೆಯರು ಕಾರಣ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜೂ ಕಾರಣ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಆದ ಆ ಕೆಲಸಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ! ನೀರು ಬಂತು, ಕಬ್ಬು ಬಂತು, ಟ್ರ್ಯಾಕ್ಟರು ಬಂತು. ಅದರ ಬೆನ್ನಿಗೆ ಟೇಪೂ ಬಂತು. ಕ್ಯಾಸೆಟ್ಟು ಹೋಗಿ ಬಹಳ ವರ್ಷಗಳಾದರೂ ನಮ್ಮವರ ಬಾಯಲ್ಲಿ ಅದು ಇಂದಿಗೂ 'ಟೇಪೇ'.

ಕಳೆದ ಹಂಗಾಮಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶನಿವಾರ ಸಂಜೆ ಮನೆಗೆ ಬಂದ. ಹತ್ತು ವರ್ಷ ಟ್ರ್ಯಾಕ್ಟರ್ ಹೊಡೆದವನು, ಈಗ ಸಾಲ ಮಾಡಿ ಪಿಕಪ್ ಗಾಡಿ ತೆಗೆದುಕೊಂಡಿದ್ದಾನೆ.

"ಸರ, ಗಾಡಿ ಜೋಡಿ ಕಂಪನಿ ಟೇಪ್ ಬಂದೈತ್ರಿ. ಆದ್ರ ಆವಾಜ ಇಲ್ಲ. ಪ್ಯಾಟಿ ಒಳಗ ಆ್ಯಂಪ್ಲಿಫೈಯರ್, ವೂಫರ್ ಎಲ್ಲಾ ಕೂಡಿ ಹದಿನೆಂಟು ಸಾವಿರ ಅಂತಾರ. ಇದನ್ನ ಕಿತ್ತು ಅದನ್ನ ಹಾಕಸ್ಲೇನ್ರಿ? ನೀವ ವಿಜ್ಞಾನ ಕಲಿಸಿದವ್ರು, ನೀವ ಹೇಳ್ರಿ."

ಹದಿನೆಂಟು ಸಾವಿರವೆಂದರೆ ಅವನ ಸಾಲದ ಒಂದೂವರೆ ಕಂತು. ಅಂಗಡಿ ನೋಡದೆ ಹೇಳುವುದು ಸರಿಯಲ್ಲವೆಂದು ಅವನೊಡನೆ ಪೇಟೆಗೆ ಹೋದೆ.

ಅಂಗಡಿಯ ಹುಡುಗ ಗಾಜಿನ ಕಪಾಟಿನಿಂದ ಒಂದು ಸೆಟ್ ತೆಗೆದಿಟ್ಟ. ಡಬ್ಬಿಯ ಮೇಲೆ '4 × 50 ವ್ಯಾಟ್' ಎಂದು ದಪ್ಪಕ್ಷರದಲ್ಲಿತ್ತು. ನಾನು ಸೆಟ್ಟನ್ನು ತಿರುಗಿಸಿ ಹಿಂಬದಿಯ ಫ್ಯೂಸು ನೋಡಿದೆ: 10 ಆ್ಯಂಪಿಯರ್. ವಿದ್ಯಾರ್ಥಿಗಳೇ, ಇಲ್ಲೊಂದು ಪುಟ್ಟ ಲೆಕ್ಕವಿದೆ, ನೀವೇ ಮಾಡಿ ನೋಡಿ. ಎಂಜಿನ್ ಓಡುವಾಗ ಗಾಡಿಯ ವಿದ್ಯುತ್ತು ಸುಮಾರು 14 ವೋಲ್ಟ್. 14ನ್ನು 10ರಿಂದ ಗುಣಿಸಿದರೆ 140 ವ್ಯಾಟ್. ಫ್ಯೂಸು ಸುಡದಂತೆ ಈ ಡಬ್ಬಿ ಎಡೆಬಿಡದೆ ಎಳೆದುಕೊಳ್ಳಬಹುದಾದದ್ದು ಅಷ್ಟೇ. ಅದರಲ್ಲೂ ಹೆಚ್ಚು ಕಡಿಮೆ ಅರ್ಧ ಬಿಸಿಯಾಗಿ ಹೋಗುತ್ತದೆ. ಉಳಿದದ್ದನ್ನು ನಾಲ್ಕು ಸ್ಪೀಕರಿಗೆ ಹಂಚಿದರೆ ಒಂದಕ್ಕೆ 17–18 ವ್ಯಾಟ್. ಐವತ್ತು ಎಲ್ಲಿಂದ ಬಂತು? ಕ್ಷಣಮಾತ್ರದ ತುತ್ತತುದಿಯನ್ನು ಹಿಡಿದು ಬರೆದ ಅಂಕಿ ಅದು. ಕಂಪನಿ ಸೆಟ್ಟಿನ ಹಿಂದೆಯೂ ಹತ್ತರದೇ ಫ್ಯೂಸು. ಅಂದಮೇಲೆ ಬರೀ ಸೆಟ್ ಬದಲಿಸಿದರೆ ಗಾಡಿಯಲ್ಲಿ ಬದಲಾಗುವುದು ದೀಪದ ಬಣ್ಣ ಮಾತ್ರ.

"ಅದಕ್ಕ ಆ್ಯಂಪ್ಲಿಫೈಯರ್ ಬೇಕ್ರಿ ಸರ" ಎಂದ ಅಂಗಡಿಯ ಹುಡುಗ. ಅವನ ಮಾತೂ ಸರಿಯೇ. ನೂರು, ಇನ್ನೂರು ವ್ಯಾಟ್ ನಿಜವಾಗಿ ಬೇಕಾದರೆ ಬೇರೆ ದಾರಿಯಿಲ್ಲ. ಆದರೆ ಅದನ್ನು ಯಾವ ತಂತಿಯಿಂದ ಜೋಡಿಸುತ್ತೀ ಎಂದು ಕೇಳಿದೆ. ಅವನು ತೋರಿಸಿದ ತಂತಿಯ ಒಳಗಿನ ತಾಮ್ರ ಮುಕ್ಕಾಲು ಚದರ ಮಿಲಿಮೀಟರಿನಷ್ಟಿತ್ತು. ಹೋಗಿ ಬರಲು ಐದು ಮೀಟರ್ ತಂತಿ ಎಂದಿಟ್ಟುಕೊಳ್ಳಿ, ಅದರ ರೋಧ ಸುಮಾರು 0.11 ಓಮ್. ಅದರಲ್ಲಿ 20 ಆ್ಯಂಪಿಯರ್ ಹರಿದರೆ ಎರಡು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ, ನಲವತ್ತಕ್ಕೂ ಹೆಚ್ಚು ವ್ಯಾಟ್ ಶಾಖ ತಂತಿಯಲ್ಲೇ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಬಿಸಿಯೂ ಅಷ್ಟೇ! ಅಂಥ ತಂತಿಯನ್ನು ಸೀಟಿನ ಕೆಳಗಿನ ಚಾಪೆಯಡಿ ಎಳೆದು, ಬ್ಯಾಟರಿಯ ಬಳಿ ಫ್ಯೂಸೂ ಹಾಕದೆ ಬಿಟ್ಟ ಗಾಡಿಯೊಂದು ಹಿಂದೊಮ್ಮೆ ನನ್ನ ಕಣ್ಣೆದುರೇ ಹೊಗೆಯಾಡಿತ್ತು. ಚಾಲಕ ಬ್ಯಾಟರಿಯ ತಂತಿ ಕಿತ್ತೆಸೆದದ್ದರಿಂದ ಗಾಡಿ ಉಳಿಯಿತು.

ಮಾರನೆಯ ದಿನ ರವಿವಾರ. ಅವನಿಗೆ ಬನಹಟ್ಟಿಯಿಂದ ಮುಧೋಳಕ್ಕೆ ಸೀರೆಯ ಗಂಟುಗಳ ಬಾಡಿಗೆ, ಅಲ್ಲಿಂದ ಬೀಳಗಿಗೆ ಹೋಗಿ ಜೋಳದ ಚೀಲ ತರುವುದು. ನಾನೂ ಕ್ಯಾಬಿನ್ನು ಹತ್ತಿದೆ. ಕಿಸೆಯಲ್ಲಿ ಫೋನು, ಅದರಲ್ಲಿ ಶಬ್ದ ಅಳೆಯುವ ಆ್ಯಪು. ಫೋನಿನ ಅಳತೆ ಪ್ರಯೋಗಾಲಯದ್ದಲ್ಲ, ಆದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಲು ಸಾಕು. ಕಿಟಕಿ ಮುಚ್ಚಿದಾಗ 74 ಡೆಸಿಬೆಲ್, ತೆರೆದಾಗ 81. ಹಾಡು ಕೇಳಬೇಕಾದರೆ ಈ ಗದ್ದಲದ ಮೇಲೆ ಹತ್ತಬೇಕು. ಹುಡುಗ ಕಿಟಕಿ ತೆರೆದೇ ಗಾಡಿ ಓಡಿಸುತ್ತಿದ್ದ, ಆಮೇಲೆ ಆವಾಜಿಲ್ಲವೆಂದು ಕೊರಗುತ್ತಿದ್ದ. ಗಾಜು ಏರಿಸಿದರೆ ಸಿಗುವ ಆ ಏಳು ಡೆಸಿಬೆಲ್ಲನ್ನು ಕರೆಂಟಿನಿಂದ ಪಡೆಯಬೇಕಾದರೆ ಐದು ಪಟ್ಟು ವ್ಯಾಟ್ ಬೇಕು. ಏಕೆಂದರೆ ವ್ಯಾಟ್ ಇಮ್ಮಡಿಯಾದರೆ ಏರುವುದು ಬರೀ ಮೂರು ಡೆಸಿಬೆಲ್. ಕಿವಿಗೆ 'ಎರಡರಷ್ಟು ಜೋರು' ಅನಿಸಲು ಹತ್ತು ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು.

"ಬ್ಯಾಸಿಗ್ಯಾಗ ಗಾಜ ಏರಿಸಿದ್ರ ಕುದ್ದು ಹೋಗ್ತೀನ್ರಿ ಸರ" ಎಂದ. ಅದೂ ನಿಜ. ಭೌತಶಾಸ್ತ್ರದಲ್ಲಿ ಸೆಕೆಯ ಲೆಕ್ಕವನ್ನು ನಾನು ಮರೆತಿದ್ದೆ.

ರಬಕವಿ-ಬನಹಟ್ಟಿ ನನ್ನ ಹುಟ್ಟೂರಿನ ಕಡೆಯದು. ಓಣಿಯೊಳಗೆ ಕಾಲಿಟ್ಟರೆ ಸಾಕು, ಎರಡೂ ಬದಿಯ ಮನೆಗಳಿಂದ ವಿದ್ಯುತ್ ಮಗ್ಗಗಳ ಖಟ್ ಖಟ್ ಕಿವಿಗೆ ಅಪ್ಪಳಿಸುತ್ತದೆ. ನನ್ನ ಕಾಕಾನ ಮನೆಯಲ್ಲಿ ನಾಲ್ಕು ಮಗ್ಗಗಳಿದ್ದವು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಕಂಡಿಕೆ ಸುತ್ತುತ್ತಿದ್ದೆ. ಮಗ್ಗದ ಬಳಿ ಮಾತಿಗೆ ಕೆಲಸವಿಲ್ಲ. ನೂಲು ಹರಿದರೆ ಒಂದು ಸನ್ನೆ, ಚಹಾ ಬಂದರೆ ಇನ್ನೊಂದು ಸನ್ನೆ. ಕಾಕಾ ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದ. ಅದು ಅವನ ಸಿಟ್ಟೆಂದು ನಾವು ಹೆದರುತ್ತಿದ್ದೆವು. ಸಿಟ್ಟಲ್ಲ, ಅವನ ಕಿವಿ ಹೋಗಿತ್ತೆಂದು ತಿಳಿದದ್ದು ಬಿ.ಎಸ್ಸಿ. ಓದುವಾಗ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ ಹೀಗಿದೆ: 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ತಾಸು, ಮುಂದೆ ಪ್ರತಿ ಮೂರು ಡೆಸಿಬೆಲ್ಲಿಗೆ ಅವಧಿ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು. ನೂರಕ್ಕೆ ಏರಿದರೆ ಬರೀ ಹದಿನೈದು ನಿಮಿಷ. ಹಿಂದಿನ ಸಂಜೆ ಅಂಗಡಿಯವನು ವೂಫರ್ ಹಚ್ಚಿ ತೋರಿಸಿದಾಗ ನನ್ನ ಫೋನಿನಲ್ಲಿ ಮೂಡಿದ್ದು 103. ಗದ್ದಲದಿಂದ ಕಿವಿ ಕೆಡುವಾಗ ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಿನ ತೆಳು ದನಿಗಳು. ಸ, ಶ, ತ ಅಕ್ಷರಗಳ ಮೊನೆ ಅಲ್ಲಿಯೇ ಇರುತ್ತದೆ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ 'ಸರ' ಎಂದರೆ ಈಗ ನನಗೂ ಒಂದೊಂದು ಸಲ ಕೇಳುವುದಿಲ್ಲ. ಕಂಡಿಕೆ ಸುತ್ತಿದ ವರ್ಷಗಳದೋ, ವಯಸ್ಸಿನದೋ. ವೈದ್ಯರು ಎರಡೂ ಇರಬಹುದೆಂದರು.

ಸೀರೆ ಗಂಟು ಹೇರುವ ಹೊತ್ತಿನಲ್ಲಿ ನಾವೊಂದು ಪ್ರಯೋಗ ಮಾಡಿದೆವು. ಡ್ಯಾಶ್‌ಬೋರ್ಡಿನ ಜಾಳಿಗೆ ಬಿಚ್ಚಿದರೆ ಕಂಪನಿ ಸ್ಪೀಕರು ತೆಳು ಪ್ಲಾಸ್ಟಿಕ್ಕಿನ ಮೇಲೆ ಎರಡೇ ಸ್ಕ್ರೂಗಳಲ್ಲಿ ನಿಂತಿತ್ತು, ಸುತ್ತಲೂ ಬೆರಳು ತೂರುವಷ್ಟು ಸಂದಿ. ಅದನ್ನು ತಂತಿ ಸಹಿತ ಹೊರಗೆ ಕೈಯಲ್ಲಿ ಹಿಡಿದು ಹಾಡು ಹಚ್ಚಿದರೆ ಕೀರಲು ದನಿ. ಸೀರೆ ಅಂಗಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬೇಡಿ ತಂದು, ದುಂಡನೆ ರಂಧ್ರ ಕೊರೆದು, ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿದೆ. ತಬಲಾದ ಬಾಯಾ ಎದ್ದು ಬಂತು! ಹಮಾಲರು ಗಂಟು ಇಳಿಸಿ ನೋಡುತ್ತ ನಿಂತರು. ಹುಡುಗ, "ಸರ, ಅದ ಸ್ಪೀಕರ್ ಏನ್ರಿ?" ಎಂದು ಕೇಳಿದ.

ಅದೇ ಸ್ಪೀಕರ್. ಅದರ ಕಾಗದದ ಶಂಕು ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಸಂದಿ ಇದ್ದರೆ ಒತ್ತಿದ ಗಾಳಿ ಸುತ್ತಿಕೊಂಡು ಹಿಂದಕ್ಕೆ ಹೋಗಿ ಒಂದನ್ನೊಂದು ಅಳಿಸುತ್ತವೆ. ಈ ಅಳಿಸಾಟ ಮಂದ್ರ ದನಿಗಳಲ್ಲಿ ಹೆಚ್ಚು. ಮುಂದು-ಹಿಂದಿನ ನಡುವೆ ರಟ್ಟಿನ ಗೋಡೆ ಬಂದರೆ ಅವು ಸೇರುವುದಿಲ್ಲ. ಕಂಪನಿಯವರು ಹಣ ಉಳಿಸಿದ್ದು ಸೆಟ್ಟಿನಲ್ಲಲ್ಲ, ಈ ಗೋಡೆಯಲ್ಲಿ. ಪೇಟೆಯವರು ಅದೇ ಸಂದಿಯ ಮೇಲೆ ದುಬಾರಿ ಸ್ಪೀಕರು ಕೂರಿಸಿದರೂ ದನಿ ಅಷ್ಟಕ್ಕಷ್ಟೇ.

ಮುಧೋಳದ ದಾರಿಯಲ್ಲಿ ನಾನು ರನ್ನನ ವಿಷಯ ತೆಗೆದೆ. ಕ್ರಿ.ಶ. 949ರಲ್ಲಿ ಈ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಕವಿ. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ಕೊಳದ ನೀರಿನಲ್ಲಿ ಅಡಗಿರುತ್ತಾನೆ, ದಡದ ಮೇಲೆ ಭೀಮ ಗರ್ಜಿಸುತ್ತಾನೆ; ನೀರೊಳಗಿದ್ದರೂ ಆ ದನಿಗೆ ದುರ್ಯೋಧನ ಬೆವರುತ್ತಾನೆ. ಗಾಳಿಯಿಂದ ನೀರಿಗೆ ಇಳಿಯುವ ಶಬ್ದಶಕ್ತಿ ಸಾವಿರದಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಮೇಲಿನಿಂದಲೇ ಹಿಂದಿರುಗುತ್ತದೆ. ಅಷ್ಟಕ್ಕೇ ಬೆವರಿದನೆಂದರೆ ಭೀಮನ ಗಂಟಲು ಎಂಥದ್ದಿರಬೇಕು! ಗೋಡೆಯ ಮುಂದೆಯೂ ಹೆಚ್ಚು ಕಡಿಮೆ ಇದೇ ಕಥೆ: ತೆಳು ದನಿಗಳನ್ನು ಗೋಡೆ ತಡೆಯುತ್ತದೆ, ಮಂದ್ರ ದನಿಗಳನ್ನು ಅಷ್ಟಾಗಿ ತಡೆಯಲಾರದು. ಅದಕ್ಕೇ ಮನೆಯೊಳಗೆ ಹಾಡು ಬರುವುದಿಲ್ಲ, ಧುಂ ಧುಂ ಬರುತ್ತದೆ.

ನಗುತ್ತಾನೆಂದುಕೊಂಡಿದ್ದೆ. ಅವನು ಸುಮ್ಮನೆ ಗಾಡಿ ಓಡಿಸಿದ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಬಾಯಿಬಿಟ್ಟ.

"ಸರ, ಹ್ವಾದ ವರ್ಷ ಟ್ರ್ಯಾಕ್ಟರ್ ಹೊಡಿಯೂವಾಗ ಹಿಂದಿನ ಟ್ರೇಲರಿನ ಪಿನ್ನ ಸಡ್ಲ ಆಗಿತ್ರಿ. ಮ್ಯಾಲ ಕಬ್ಬಿನ ಗ್ಯಾಂಗಿನ ಹುಡುಗ ಕುಂತಿದ್ದ. ಅರ್ಧ ಕಿಲೋಮೀಟರ್ ಒದರ್ಕೋತ ಬಂದಾನ. ನನಗ ಕೇಳ್ಲೇ ಇಲ್ಲ. ಬೈಕಿನವ ಅಡ್ಡ ಬಂದು ಕೈ ಮಾಡಿದ ಮ್ಯಾಲ ನಿಲ್ಲಿಸೀನಿ. ಪಿನ್ನ ಅರ್ಧ ಹೊರಗ ಬಂದಿತ್ರಿ."

ಹುಡುಗನಿಗೆ ಏನಾಯಿತೆಂದು ಕೇಳಿದೆ. "ಏನೂ ಆಗ್ಲಿಲ್ರಿ. ಅವರವ್ವ ಮಾತ್ರ ನನ್ನ ಮಾರಿ ನೋಡ್ಲಿಲ್ಲ." ಈ ಮಾತನ್ನು ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ. ಬಂದದ್ದು ಟೇಪಿನ ಸಲಹೆಗಲ್ಲ, ಈ ಮಾತು ಆಡಲಿಕ್ಕೇ ಇರಬೇಕು ಎಂದು ನನಗೆ ಆಗ ಅನಿಸಿತು.

ಮುಧೋಳದಲ್ಲಿ ಸೀರೆ ಇಳಿಸಿ ಬೀಳಗಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಆಲಮಟ್ಟಿಯ ಹಿನ್ನೀರು ತಾಲ್ಲೂಕಿನ ಎಷ್ಟೋ ಹಳ್ಳಿಗಳನ್ನು ಎತ್ತರಕ್ಕೆ ಎಬ್ಬಿಸಿದೆ. ಹಳೆಯ ಊರುಗಳ ಹೆಸರು ಹೊತ್ತ ಹೊಸ ಊರುಗಳು ಇಲ್ಲಿ ಕಾಣುತ್ತವೆ. ಹೊಲದ ಬದಿ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದೆವು. ಫೋನು 41 ತೋರಿಸಿತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಲವತ್ತೈದು ಎಂದರೆ ಹೆಚ್ಚು ಕಡಿಮೆ ಇಷ್ಟೇ ಎಂದು ಅವನಿಗೆ ಹೇಳಿದೆ. ದೂರದಲ್ಲೊಂದು ಎಮ್ಮೆ ಕೂಗಿತು, ಇನ್ನೆಲ್ಲೋ ಪಂಪಿನ ಸದ್ದು. "ನಮ್ಮ ಓಣ್ಯಾಗ ಇಷ್ಟ ಶಾಂತ ಎಂದೂ ಇಲ್ರಿ" ಎಂದ. ಅವನ ಮಗಳೂ ಹತ್ತನೆಯ ತರಗತಿ. ಮೊದಲು ಹೇಳಿದೆನಲ್ಲ, ವಕ್ರೀಭವನ ಓದುವ ಹುಡುಗಿ, ಅವಳೇ, ನನ್ನ ವಿದ್ಯಾರ್ಥಿನಿ.

ರಾತ್ರಿ ಒಬ್ಬನೇ ನೂರಾರು ಕಿಲೋಮೀಟರ್ ಗಾಡಿ ಓಡಿಸುವವನಿಗೆ ಹಾಡು ಬೇಡವೆನ್ನುವುದು ನನ್ನಿಂದಾಗದು. ಆದರೆ ಹಾಡಿನ ಜೊತೆ ಹಿಂದಿನ ಹಾರ್ನೂ ಕೇಳಬೇಕು, ಹಿಂದೆ ಕುಳಿತವನು ಕ್ಯಾಬಿನ್ನು ಬಡಿದರೆ ಅದೂ ಕೇಳಬೇಕು. ಆದ್ದರಿಂದ ನನ್ನ ಸಲಹೆ ಇಷ್ಟಾಯಿತು. ಕಂಪನಿ ಸೆಟ್ ಇರಲಿ, ಅದರ ತಂತಿಯನ್ನು ಯಾರೂ ಕತ್ತರಿಸದಿರಲಿ. ಕತ್ತರಿಸಿದರೆ ನಾಳೆ ವೈರಿಂಗ್ ಕೆಟ್ಟಾಗ ವಾರಂಟಿಯ ಜಗಳ. ಸ್ಪೀಕರು ಎರಡನ್ನು ಮಾತ್ರ ಬದಲಿಸುವುದು. ಕೊಳ್ಳುವಾಗ ಡಬ್ಬಿಯ ಮೇಲಿನ ವ್ಯಾಟ್ ನೋಡಬಾರದು, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದದ್ದನ್ನು ನೋಡಬೇಕು. 87ರ ಬದಲು 90ರದು ಸಿಕ್ಕರೆ ಅದೇ ಸೆಟ್ ಇಮ್ಮಡಿ ವ್ಯಾಟಿನದಾದಂತೆ. ಪ್ಲೈವುಡ್ಡಿನ ಬಳೆ ಕೊರೆಸಿ, ಫೋಮ್ ಪಟ್ಟಿ ಅಂಟಿಸಿ ಸಂದಿ ಮುಚ್ಚಬೇಕು.

ಮುಂದಿನ ವಾರ ಪೇಟೆಯಲ್ಲಿ ಅದನ್ನೇ ಮಾಡಿಸಿದ. ಅಂಗಡಿಯವನಿಗೆ ಮೊದಲು ಮುಖ ಸಣ್ಣದಾಗಿತ್ತು, ಆದರೆ ಕೆಲಸ ಚೊಕ್ಕಟವಾಗಿ ಮಾಡಿಕೊಟ್ಟ. ಬಡಗಿಯ ಕೂಲಿ ಸೇರಿ ಖರ್ಚು ಮೂರು ಸಾವಿರದೊಳಗೆ ಮುಗಿಯಿತು. ಮಂದ್ರ ಬಹಳವಿಲ್ಲವೆಂದು ಹುಡುಗನಿಗೆ ಇಂದಿಗೂ ಒಂದಿಷ್ಟು ಕೊರಗಿದೆ; ಗೆಳೆಯರ ಟ್ರ್ಯಾಕ್ಟರಿನ ಪಕ್ಕ ನಿಂತರೆ ತನ್ನದು ಸೊಳ್ಳೆ ಎನ್ನುತ್ತಾನೆ. ಪಿನ್ನಿನ ವಿಷಯ ಮನೆಯಲ್ಲಿ ಹೇಳಿದನೋ ಇಲ್ಲವೋ ನಾನು ಕೇಳಿಲ್ಲ.

ಬಿಚ್ಚಿದ ಎರಡು ಸ್ಪೀಕರುಗಳನ್ನು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟ. ಒಂದನ್ನು ಮಲಗಿಸಿ, ಶಂಕುವಿನ ಮೇಲೆ ನಾಲ್ಕು ಜೋಳದ ಕಾಳು ಹಾಕಿ, ಒಂದೂವರೆ ವೋಲ್ಟಿನ ಸೆಲ್ಲಿನ ತಂತಿ ತಾಗಿಸಿದರೆ ಕಾಳು ಪುಟಿಯುತ್ತವೆ. ಸೆಲ್ ತಿರುವಿ ಹಿಡಿದರೆ ಶಂಕು ಒಳಕ್ಕೆ ಹೋಗುತ್ತದೆ. ಇದು ಏಕೆಂದು ಕೇಳಿದಾಗ ಮೊದಲು ಕೈ ಎತ್ತಿದವಳು ಅವನ ಮಗಳು. ಅವಳು ಹೇಳಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎಂದೆ.