ಮನೆಯ ಬೆಲೆ ಎಷ್ಟು?

ಬೈಕ್ ಕೊಂಡರೆ ವಿಮೆ ಮಾಡಿಸುತ್ತೇವೆ. ಇಲ್ಲದಿದ್ದರೆ ಕಾನೂನು ಬಿಡುವುದಿಲ್ಲ. ಆದರೆ ಜೀವಮಾನದ ದುಡಿಮೆ ಸುರಿದು ಕಟ್ಟಿದ ಮನೆಗೆ? ನಮ್ಮ ಕಡೆ ಹೀಗೆ ಕೇಳಿದರೆ ಹೆಚ್ಚಿನವರು ನಕ್ಕುಬಿಡುತ್ತಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣಿನಡಿಯಾದವು. ನಮ್ಮ ತಾಯಿಯ ಮನೆಯ ಹಿಂದೆಯೂ ಒಂದು ಗುಡ್ಡವಿದೆ. ಮಳೆ ಜೋರಾದ ರಾತ್ರಿ ಅವರಿಗೆ ನಿದ್ದೆಯಿಲ್ಲ. ಹಾಗಾಗಿ ಕಳೆದ ಮಳೆಗಾಲಕ್ಕೆ ಮುಂಚೆ ನಾವು ಮೂವರು ಒಡಹುಟ್ಟಿದವರು ಸೇರಿ ಆ ಮನೆಗೆ ವಿಮೆ ಮಾಡಿಸಲು ನಿರ್ಧರಿಸಿದೆವು.

"ಮನೆ ಬೀಳುತ್ತದೆ ಎಂದು ಈಗಲೇ ಹಣ ಕಟ್ಟುವುದಾ ಮಕ್ಕಳೇ?" ಎಂದರು ತಾಯಿ. "ಬೀಳದಿರಲಿ ಅಮ್ಮಾ. ಬಿದ್ದರೆ ನಿಮ್ಮನ್ನು ಯಾರ ಮನೆಗೂ ಕಳಿಸುವಂತಾಗಬಾರದು, ಅಷ್ಟೇ" ಎಂದರು ಅಣ್ಣ.

ಲೆಕ್ಕಕ್ಕೆ ಕುಳಿತಾಗ ಮೊದಲ ಪ್ರಶ್ನೆ, ಮನೆಯ ಬೆಲೆ ಎಷ್ಟು? ಮಾರಲು ಹೊರಟರೆ ಹತ್ತು ಸೆಂಟ್ಸ್ ಜಾಗ ಸೇರಿ ಅರುವತ್ತು ಲಕ್ಷ ಬರಬಹುದು. ಆದರೆ ವಿಮೆಗೆ ಬೇಕಾದದ್ದು ಆ ಬೆಲೆಯಲ್ಲ. ಜಾಗಕ್ಕೆ ವಿಮೆಯಿಲ್ಲ. ಅದೇ ಮನೆಯನ್ನು ಇಂದು ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದೇ ಲೆಕ್ಕ. ಮೇಸ್ತ್ರಿಯನ್ನು ಕೇಳಿದೆವು. ಚದರ ಅಡಿಗೆ ಎರಡು ಸಾವಿರ ಎಂದರು. ಹೊರಗೋಡೆಯ ದಪ್ಪ ಬಿಟ್ಟು ಒಳಗಿನ ವಿಸ್ತೀರ್ಣ 800 ಚದರ ಅಡಿ. ಅಲ್ಲಿಗೆ 16 ಲಕ್ಷ. ಕಂಪೌಂಡು ಗೋಡೆ, ನೀರಿನ ಟ್ಯಾಂಕಿಗಳ ಖರ್ಚನ್ನು ಬೇರೆಯಾಗಿ ಕೂಡಿಸಬೇಕು.

2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿಯ ನಿಯಮಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಗಲಭೆ ಎಲ್ಲವೂ ಅದರಲ್ಲಿವೆ. ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ ಹತ್ತು ಲಕ್ಷದವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 3 ಲಕ್ಷ 20 ಸಾವಿರ.

ಪ್ರೀಮಿಯಂ ಕಂಪೆನಿಯಿಂದ ಕಂಪೆನಿಗೆ ಬೇರೆ. ಸಾವಿರಕ್ಕೆ 40 ಪೈಸೆ ದರವೆಂದು ಇಟ್ಟುಕೊಳ್ಳಿ. 16 ಲಕ್ಷದ ಕಟ್ಟಡಕ್ಕೆ ವರ್ಷಕ್ಕೆ 640 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎರಡು ಮೂರು ಕಡೆ ವಿಚಾರಿಸಿ ಹೀಗೆ ಗುಣಿಸಿ ನೋಡಿದರೆ ಯಾರ ದರ ಹೆಚ್ಚು, ಯಾರದು ಕಡಿಮೆ ಎಂದು ನಿಮಗೇ ತಿಳಿಯುತ್ತದೆ. ಒಂದು ಮದುವೆಯ ಊಟದ ಖರ್ಚಿನೊಂದಿಗೆ ಇದನ್ನು ಹೋಲಿಸಿ ನೋಡಿ.

ಆದರೆ ಪಾಲಿಸಿಯಲ್ಲಿ ಏನಿದೆ ಎನ್ನುವಷ್ಟೇ ಏನಿಲ್ಲ ಎನ್ನುವುದನ್ನೂ ಓದಬೇಕು. ಸುಮ್ಮನೆ ಕಳ್ಳ ನುಗ್ಗಿ ಕದ್ದರೆ ಇದರಲ್ಲಿ ಪರಿಹಾರವಿಲ್ಲ. ನೆರೆ, ಬೆಂಕಿಯಂಥ ಅನಾಹುತದ ಬೆನ್ನಿಗೆ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಉಂಟು. ಚಿನ್ನಕ್ಕೆ ಬೇರೆಯೇ ರಕ್ಷಣೆ ಪಡೆಯಬೇಕು.

ಇನ್ನೊಂದು ಮಾತು ನಮ್ಮನ್ನು ತಡೆದು ನಿಲ್ಲಿಸಿತು. ಗುಡ್ಡ ಕುಸಿತವನ್ನು ಸೇರಿಸಿಕೊಂಡ ಅದೇ ಕಲಮು, ಕಡಲ್ಕೊರೆತವನ್ನೂ ನದಿ ಕೊರೆತವನ್ನೂ ಹೊರಗಿಟ್ಟಿದೆ. ನಮ್ಮ ಚಿಕ್ಕಮ್ಮನ ಮನೆ ಇರುವುದು ಉಳ್ಳಾಲದ ಕಡಲ ಬದಿಯಲ್ಲಿ. ಸಮುದ್ರ ಅಂಗಳ ತಿನ್ನುತ್ತಾ ಬಂದು ಅಡಿಪಾಯ ಎಳೆದುಕೊಂಡರೆ ಈ ಕಾಗದ ಅವರಿಗೆ ಉತ್ತರ ಕೊಡದು.

ತಾಯಿಯ ಮನೆಗೆ ಪಾಲಿಸಿ ಆಯಿತು. ಕಂತನ್ನು ಮೂವರೂ ಸಮನಾಗಿ ಹಂಚಿಕೊಂಡೆವು. ಚಿಕ್ಕಮ್ಮನಿಗಾಗಿ ಬೇರೆ ಲೆಕ್ಕ ಶುರು ಮಾಡಿದ್ದೇವೆ. ತಿಂಗಳಿಗಿಷ್ಟು ಎಂದು ಕೂಡಿಡುತ್ತಾ, ಒಳನಾಡಿನಲ್ಲಿ ಐದು ಸೆಂಟ್ಸ್ ಜಾಗ ಹುಡುಕುತ್ತಿದ್ದೇವೆ. ವಿಮೆ ಕೈಬಿಟ್ಟ ಕಡೆ ಬಂಧುಗಳೂ ಕೈಬಿಡಬಾರದಲ್ಲವೇ?