ತಂದೆಯವರ ಮನೆ

ಭಾರತದ ಮೊದಲ ಭಾರತೀಯ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಹೊತ್ತ ಬೆಂಗಳೂರಿನ ರಾಜಾಜಿನಗರದಲ್ಲಿ, 1958ರಲ್ಲಿ ನನ್ನ ತಂದೆಯವರು ಮಂಗಳೂರು ಹೆಂಚಿನ ಮನೆಯೊಂದನ್ನು ಕಟ್ಟಿಸಿದರು. ಮುಂದೆ ಜಗಲಿ, ನಡುವೆ ಪಡಸಾಲೆ, ಹಿತ್ತಲಿನ ಕೊನೆಯಲ್ಲಿ ಬಚ್ಚಲುಮನೆ ಮತ್ತು ಶೌಚಾಲಯ. ನಾನು ಆಡಿದ್ದೂ ಓದಿದ್ದೂ ಅಲ್ಲಿಯೇ.

ಆ ಮನೆಯನ್ನು ವಿಸ್ತರಿಸೋಣವೆಂದು ಮಗನು ಹೇಳಿದಾಗ ನಾನು ಒಪ್ಪಲಿಲ್ಲ. ಅಜ್ಜಿಯ ಮನಸ್ಸು ನೋಯುವುದೆಂಬುದು ನನ್ನ ವಾದವಾಗಿತ್ತು. ಆದರೆ ಅವರನ್ನು ನಾನು ಕೇಳಿಯೇ ಇರಲಿಲ್ಲ.

ಒಂದು ಮಳೆಯ ರಾತ್ರಿ, ಎಂಬತ್ತೆಂಟು ವರ್ಷದ ಅಮ್ಮ ಹಿತ್ತಲಿಗೆ ಹೊರಟವರು ಎತ್ತರದ ಹೊಸ್ತಿಲನ್ನು ಎಡವಿ ಬಿದ್ದರು. ಎತ್ತಿ ಕೂರಿಸಿದಾಗ, "ನಿಮ್ಮಪ್ಪ ಈ ಮನೆ ಕಟ್ಟಿಸಿದ್ದು ನಾವು ಬಾಳಲೆಂದು ಕಣೋ, ನೋಡುತ್ತ ಕೂರಲೆಂದಲ್ಲ" ಎಂದರು. ನಾನು ತಲೆತಗ್ಗಿಸಿದೆ.

ಮರುವಾರವೇ ಮೇಸ್ತ್ರಿ ಬಂದರು. ಮಣ್ಣಿನ ಗಾರೆಯ ಹಳೆಯ ಗೋಡೆಗಳು ಮಹಡಿಯ ಭಾರವನ್ನು ತಾಳಲಾರವೆಂದೂ, ಬುನಾದಿಯಿಂದಲೇ ಕಾಂಕ್ರೀಟು ಕಂಬಗಳನ್ನು ಎಬ್ಬಿಸಬೇಕೆಂದೂ ತಿಳಿಸಿದರು. ಅಮ್ಮನ ಕೋಣೆಗೆ ಹೊಂದಿಕೊಂಡಂತೆ ಶೌಚಾಲಯ ಬಂದಿತು; ಹೊಸ್ತಿಲು ನೆಲಕ್ಕೆ ಸಮನಾಯಿತು; ಹಿಡಿದು ನಡೆಯಲು ಗೋಡೆಗೆ ಕಂಬಿ ಕೂರಿತು. ಮೊಮ್ಮಕ್ಕಳ ಓದಿಗೆ ಮೇಲೊಂದು ಕೋಣೆಯಾಯಿತು. ಜಗಲಿಯನ್ನು ಮಾತ್ರ ಹಾಗೆಯೇ ಉಳಿಸಿ, ಇಳಿಸಿದ ಹೆಂಚುಗಳನ್ನು ಅದರ ಮೇಲೆಯೇ ಹೊದಿಸಿದೆವು.

ಈಗ ಅಮ್ಮ ಸಂಜೆಯ ವೇಳೆ ಯಾರ ಆಸರೆಯೂ ಇಲ್ಲದೆ ಅಲ್ಲಿಗೆ ಬಂದು ಕುಳಿತುಕೊಳ್ಳುತ್ತಾರೆ. ಹಿರಿಯರ ಮನೆಯನ್ನು ಕಾಪಾಡುವುದೆಂದರೆ, ಮೊದಲು ಅದರೊಳಗಿರುವ ಹಿರಿಯರನ್ನು ಕಾಪಾಡುವುದು. ಈ ಪಾಠವನ್ನು ನಾನು ತಡವಾಗಿ ಕಲಿತೆ.