ಗ್ರಂಥಾಲಯಕ್ಕೆ ಯೋಧನ ಹೆಸರು



ನಿಮ್ಮ ಕಾಗದ ತಲುಪಿತು. ಊರಿನ ಹೊಸ ಗ್ರಂಥಾಲಯಕ್ಕೆ ಯುದ್ಧದಲ್ಲಿ ಮಡಿದ ನಿಮ್ಮೂರ ಯೋಧನ ಹೆಸರಿಡಲು ಓಡಾಡುತ್ತಿದ್ದೀರೆಂದು ತಿಳಿದು ಮನಸ್ಸು ತುಂಬಿ ಬಂತು. ‘ಒಂದು ವೃತ್ತಕ್ಕೆ ಇಟ್ಟರೆ ಸಾಲದೇ?’ ಎಂದು ಪಂಚಾಯಿತಿಯಲ್ಲಿ ಕೆಲವರು ಕೇಳಿದರಂತೆ. ಸಾಲದು ಎಂದೇ ನಾನೂ ಹೇಳುತ್ತೇನೆ. ಗ್ರಂಥಾಲಯಕ್ಕೆ ಮಕ್ಕಳು ದಿನವೂ ಬಂದು ಕೂರುತ್ತಾರೆ. ಗೋಡೆಯ ಮೇಲಿದ್ದದ್ದನ್ನು ಓದುವಷ್ಟು ಪುರುಸೊತ್ತು ಅವರಿಗಿರುತ್ತದೆ.

ಆದರೆ ಬರೀ ಹೆಸರು ಬರೆಸಿ ಸುಮ್ಮನಾಗಬೇಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನೇ ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರಲ್ಲಿ ಅವರೂ ಒಬ್ಬರು. ಮೀಸಲು ಪೈಲಟ್ ಆಗಿದ್ದವರು, ಹೊರಟ ವಿಮಾನವೊಂದು ಹಿಂದೆ ಸರಿದಾಗ ಆ ಜಾಗಕ್ಕೆ ಸೇರಿಕೊಂಡರು. ಶಬ್ದದ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಎದುರಾಯಿತು. ದೇವಯ್ಯನವರದು ಹಳೆಯ ಮಿಸ್ಟೇರ್. ಅದಕ್ಕಾಗಲೇ ಪೆಟ್ಟು ಬಿದ್ದಿತ್ತು. ಆದರೂ ತಿರುಗಿ ಬಿದ್ದು ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ, ದೇವಯ್ಯನವರು ಮರಳಲಿಲ್ಲ. ಅಲ್ಲಿ ನಡೆದದ್ದೇನೆಂದು ನಮ್ಮವರಿಗೆ ವರ್ಷಗಟ್ಟಲೆ ತಿಳಿದಿರಲಿಲ್ಲ. ಎದುರಾಳಿ ಕಡೆಯ ವಿವರ ಹೊರಬಿದ್ದ ಮೇಲೆ, 1988ರಲ್ಲಿ ಮಹಾವೀರ ಚಕ್ರ ಬಂತು. ನಡುವೆ ಇಪ್ಪತ್ಮೂರು ವರ್ಷ! ಆ ಮನೆಯವರು ಅಷ್ಟು ಕಾಲ ಹೇಗೆ ಕಾದಿರಬೇಕು ಎಂದು ಯೋಚಿಸಿದರೆ ಕರುಳು ಹಿಂಡುತ್ತದೆ. ಬಾಗಿಲ ಮೇಲೆ ‘ದೇವಯ್ಯ’ ಎಂದಷ್ಟೇ ಬರೆದರೆ ಇದರಲ್ಲಿ ಯಾವುದು ತಾನೇ ಗೊತ್ತಾದೀತು?

ಹೆಸರಿಡುವ ಜಾಗಕ್ಕೂ ಯೋಧನಿಗೂ ನಂಟಿರುವುದೂ ಮುಖ್ಯ. ಲಖನೌದ ಸೈನಿಕ ಶಾಲೆಗೆ ಇಂದು ಕ್ಯಾಪ್ಟನ್ ಮನೋಜ್ ಕುಮಾರ್ ಪಾಂಡೆ ಅವರ ಹೆಸರಿದೆ. 1999ರ ಜುಲೈ 3ರಂದು ಕಾರ್ಗಿಲ್ ಯುದ್ಧದಲ್ಲಿ, ಖಾಲುಬಾರ್‌ನಲ್ಲಿ ಪ್ರಾಣ ಕೊಟ್ಟ ಪರಮವೀರ ಚಕ್ರ ವಿಜೇತರು. ಅವರು ಓದಿದ್ದೂ ಅದೇ ಶಾಲೆಯಲ್ಲಿ. ನಿಮ್ಮ ಯೋಧನೂ ನಿಮ್ಮೂರ ಬೀದಿಯಲ್ಲೇ ಆಡಿ ಬೆಳೆದವನಲ್ಲವೇ? ಆ ನಂಟು ದೊಡ್ಡದು.

ಒಳಗೋಡೆಯ ಮೇಲೆ ಒಂದು ಒಳ್ಳೆಯ ಫೋಟೋ ಹಾಕಿ. ಅದರ ಕೆಳಗೆ ಹುಟ್ಟಿದ ವರ್ಷ, ಓದಿದ ಶಾಲೆ, ಸೇರಿದ ರೆಜಿಮೆಂಟು, ಮಡಿದ ಜಾಗ, ದಿನ, ಅಂದು ಮಾಡಿದ ಕೆಲಸ, ಎಲ್ಲವನ್ನೂ ತಿಳಿಗನ್ನಡದಲ್ಲಿ ಬರೆಸಿ. ಉದ್ಘಾಟಿಸಿದವರ ಹೆಸರು ಇದಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಕೂಡದು. ಈ ಮಾತಿನಲ್ಲಿ ಮಾತ್ರ ಯಾರಿಗೂ ಬಗ್ಗಬೇಡಿ. ಠರಾವು ಮಾಡುವ ಮೊದಲು ಅವನ ತಾಯಿಯ ಹತ್ತಿರ ಹೋಗಿ ಕೂತು ಒಪ್ಪಿಗೆ ಕೇಳಿ. ಹೆಸರನ್ನು ಹೇಗೆ ಬರೆಯಬೇಕೆಂಬುದನ್ನೂ ಅವರೇ ಹೇಳಲಿ.

ನಿಮ್ಮ
ಗೆಳೆಯ